ಕ್ಲೈಂಟ್ ಕೆಲಸದ ನಡುವೆ ನಮ್ಮ ಫೋಟೊ ತೆಗೆಯುವುದು ಯಾವಾಗ?

ಪ್ರಶ್ನೆ: ಎಂಟು ವರ್ಷಗಳಿಂದ ಕಮರ್ಷಿಯಲ್ ಫೋಟೊಗ್ರಫಿ ಮಾಡುತ್ತಿದ್ದೇನೆ. ಹೆಚ್ಚಾಗಿ ಪ್ರಾಡಕ್ಟ್ ಶೂಟ್, ನಡುನಡುವೆ ಕಂಪನಿಯವರ ಪೋರ್ಟ್ರೇಟ್. ಕೆಲಸಕ್ಕೆ ಕೊರತೆ ಇಲ್ಲ. ಆದರೆ ನನಗೋಸ್ಕರ ಅಂತ ಒಂದು ಒಳ್ಳೆ ಫೋಟೊ ತೆಗೆದು ಎರಡು ವರ್ಷವಾಯಿತು. ರಜೆ ದಿನ ಕ್ಯಾಮೆರಾ ಹಿಡಿದು ಹೊರಟರೂ ಬರಿಗೈಯಲ್ಲಿ ವಾಪಸ್ ಬರುತ್ತೇನೆ, ತೆಗೆದದ್ದೆಲ್ಲ ಜಾಹೀರಾತಿನ ಥರ ಕಾಣುತ್ತದೆ. ಅಸೈನ್‌ಮೆಂಟ್ ಕಡಿಮೆ ಮಾಡಲೇ? ವಾರಕ್ಕೊಂದು ದಿನ ಮೀಸಲಿಟ್ಟರೆ ಸರಿಹೋದೀತೇ? ಸ್ವಂತ ಕೆಲಸವನ್ನು ವೆಬ್‌ಸೈಟಿಗೆ ಹಾಕಿದರೆ ಕ್ಲೈಂಟ್‌ಗಳಿಗೆ ಗೊಂದಲ ಆಗುತ್ತದಾ?

ಉತ್ತರ: ಅಸೈನ್‌ಮೆಂಟ್ ಕಡಿಮೆ ಮಾಡುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ಪ್ರಶ್ನೆಯಲ್ಲೇ ಒಂದು ಸುಳಿವಿದೆ, ಅದನ್ನು ನೀವೇ ಗಮನಿಸಿದಂತಿಲ್ಲ. ರಜೆ ಸಿಕ್ಕಿದೆ. ಕ್ಯಾಮೆರಾ ಕೈಯಲ್ಲಿದೆ. ಹೊರಗೂ ಹೋಗಿದ್ದೀರಿ. ಆದರೂ ಫೋಟೊ ಆಗಲಿಲ್ಲ. ಅಂದಮೇಲೆ ಕೊರತೆ ಸಮಯದ್ದಲ್ಲ ಅಲ್ವಾ? ಇದೇ ಸ್ಥಿತಿಯಲ್ಲಿ ಇನ್ನೂ ನಾಲ್ಕು ದಿನ ಬಿಡುವು ಮಾಡಿಕೊಂಡರೆ ನಾಲ್ಕು ದಿನವೂ ಬರಿಗೈಯಲ್ಲೇ ಬರುತ್ತೀರಿ, ಮೇಲೆ ದುಡ್ಡಿನ ಚಿಂತೆ ಬೇರೆ.

ಏನಾಗಿದೆ ಅಂತ ನೋಡೋಣ. ಒಂದು ಸೆಂಟ್ ಬಾಟಲಿಯ ಶೂಟ್ ತೆಗೆದುಕೊಳ್ಳಿ. ಬೆರಳಚ್ಚು ಬೀಳಬಾರದು ಅಂತ ಗ್ಲೌಸ್ ಹಾಕಿಕೊಂಡೇ ಬಾಟಲಿ ಮುಟ್ಟುತ್ತೀರಿ. ಹಿಂದೆ ಬೆಳಕನ್ನು ಮೃದುವಾಗಿ ಹರಡುವ ಡಿಫ್ಯೂಷನ್ ಹಾಳೆ, ಅದರ ಹಿಂದೆ ಲೈಟ್. ಗಾಜಿನ ಅಂಚು ಬಿಳಿ ಹಿನ್ನೆಲೆಯಲ್ಲಿ ಕರಗಿ ಹೋಗದಿರಲಿ ಅಂತ ಎಡಕ್ಕೊಂದು ಬಲಕ್ಕೊಂದು ಕಪ್ಪು ಕಾರ್ಡ್. ಲೇಬಲ್‌ಗೆ ಅಂತ ಬೆಳಕು ಹೊಂದಿಸಿ ಒಂದು ಎಕ್ಸ್‌ಪೋಷರ್, ಲೋಹದ ಮುಚ್ಚಳಕ್ಕೆ ಇನ್ನೊಂದು, ಒಳಗಿನ ದ್ರವ ಹೊಳೆಯಬೇಕಲ್ಲ, ಅದಕ್ಕೆ ಮತ್ತೊಂದು. ಎಲ್ಲವನ್ನೂ ಆಮೇಲೆ ಕೂಡಿಸುತ್ತೀರಿ. ಕ್ಯಾಮೆರಾಗೆ ಕೇಬಲ್ ಹಾಕಿದ ಲ್ಯಾಪ್‌ಟಾಪ್ ಎದುರು ಜಾಹೀರಾತು ಏಜೆನ್ಸಿಯವರು ನಿಂತಿರುತ್ತಾರೆ. 'ಎಡಗಡೆ ಅಕ್ಷರಕ್ಕೆ ಜಾಗ ಬೇಕು, ಬಾಟಲಿ ಸ್ವಲ್ಪ ಬಲಕ್ಕೆ' ಅನ್ನುತ್ತಾರೆ. ನೀವು ಸರಿಸುತ್ತೀರಿ. ಜಾಹೀರಾತಿನ ಲೇಔಟ್ ಹಿಂದಿನ ವಾರವೇ ಒಪ್ಪಿಗೆ ಆಗಿದೆ. ಶಟರ್ ಒತ್ತುವ ಮೊದಲೇ ಫೋಟೊ ಹೇಗಿರಬೇಕು ಅಂತ ಆ ಕೋಣೆಯಲ್ಲಿರುವ ಎಲ್ಲರಿಗೂ ಗೊತ್ತು. ಅದರಿಂದ ಎಷ್ಟು ದೂರ ಸರಿದರೆ ಅಷ್ಟು ತಪ್ಪು. ಆ ದೂರವನ್ನು ಇಲ್ಲವಾಗಿಸುವುದಕ್ಕೇ ನಿಮಗೆ ದುಡ್ಡು ಕೊಡುತ್ತಾರೆ, ಎಂಟು ವರ್ಷದಲ್ಲಿ ನೀವು ಅದರಲ್ಲಿ ಪಳಗಿದ್ದೀರಿ. ಇದು ಸಣ್ಣ ವಿದ್ಯೆಯಲ್ಲ.

ಆದರೆ ಸ್ವಂತ ಫೋಟೊಗೆ ಬೇಕಾದ ಅಭ್ಯಾಸ ಇದಕ್ಕೆ ನೇರ ವಿರುದ್ಧ. ಅಲ್ಲಿ ಏನು ಬರುತ್ತದೆ ಅಂತ ಗೊತ್ತಿಲ್ಲದೇ ಒತ್ತಬೇಕು. ಬಂದದ್ದನ್ನು ನೋಡಿ, ಓ, ನನಗೆ ಬೇಕಾಗಿದ್ದು ಇದಾ ಅಂತ ಆಮೇಲೆ ತಿಳಿಯಬೇಕು. ನೀವು ರಜೆ ದಿನ ಹೊರಟಾಗ ಮಾಡುತ್ತಿರುವುದು ಏನೆಂದರೆ, ತಲೆಯಲ್ಲಿ ಮೊದಲೇ ಒಂದು ಫೋಟೊ ಕಟ್ಟಿಕೊಂಡು ಬೀದಿಯಲ್ಲಿ ಅದನ್ನು ಹುಡುಕುತ್ತಿದ್ದೀರಿ. ಸಿಕ್ಕರೆ ಅದು ಜಾಹೀರಾತಿನ ಥರ ಕಾಣುತ್ತದೆ, ಯಾಕೆಂದರೆ ಅದು ಹುಟ್ಟಿದ್ದೇ ಹಾಗೆ. ಸಿಗದಿದ್ದರೆ ಬರಿಗೈ.

ಹಾಗಾಗಿ ಬೇರೆ ಮಾಡಬೇಕಾಗಿರುವುದು ಈ ಎರಡು ಅಭ್ಯಾಸಗಳನ್ನು. ಕ್ಯಾಲೆಂಡರಿನಲ್ಲಿ ಗೆರೆ ಎಳೆಯುವುದು ಆಮೇಲಿನ ಮಾತು. ವಾರಕ್ಕೊಂದು ದಿನ ಅನ್ನುವ ಯೋಜನೆ ಕೇಳುವುದಕ್ಕೆ ಚೆನ್ನಾಗಿದೆ. ನಡೆಯುವುದು ಕಷ್ಟ. ಹಿಂದಿನ ದಿನ ಶೂಟ್ ಇದ್ದರೆ ಮರುದಿನ ಬೆಳಗ್ಗೆ ಫೈಲ್ ಕೇಳಿ ಫೋನ್ ಬರುತ್ತದೆ. ಮಧ್ಯಾಹ್ನ 'ಒಂದು ಸಣ್ಣ ಬದಲಾವಣೆ' ಅಂತ ಮೇಲ್. ಅದು ಸಣ್ಣದಿರುವುದಿಲ್ಲ. ಸಂಜೆ ಹೊತ್ತಿಗೆ ಕ್ಯಾಮೆರಾ ಎತ್ತಿದರೂ ಕಣ್ಣು ಇನ್ನೂ ಸ್ಟುಡಿಯೋದಲ್ಲೇ ಇರುತ್ತದೆ, ಎದುರಿಗಿರುವ ಮನುಷ್ಯನಿಗಿಂತ ಅವನ ಹಿಂದಿನ ಗೋಡೆ ಕ್ಲೀನ್ ಇದೆಯಾ ಅಂತ ನೋಡುತ್ತಿರುತ್ತದೆ. ತಿಂಗಳ ಕೊನೆಗೆ ನಾಲ್ಕು ದಿನವೂ ಹೋಯಿತು, ಜೊತೆಗೆ ನನ್ನ ಕೈಲಿ ಆಗಲ್ಲ ಅನ್ನುವ ಬೇಜಾರು ಉಚಿತ.

ನಿಜಕ್ಕೂ ನಡೆಯುವ ಏರ್ಪಾಟುಗಳು ನನಗೆ ಕಂಡಂತೆ ಎರಡು. ದಿನವೂ ಸ್ವಲ್ಪ ಹೊತ್ತು, ಮನೆಯ ಆಸುಪಾಸಿನಲ್ಲಿ. ಇಲ್ಲವಾದರೆ ಅಪರೂಪಕ್ಕೆ, ಆದರೆ ಸತತವಾಗಿ ಹಲವು ದಿನ.

ಮೊದಲನೆಯದಕ್ಕೆ ಸೋಲ್ ಲೈಟರ್ ಒಳ್ಳೆಯ ಉದಾಹರಣೆ. ಹಾರ್ಪರ್ಸ್ ಬಜಾರ್‌ನಂಥ ಪತ್ರಿಕೆಗಳಿಗೆ ಫ್ಯಾಷನ್ ಫೋಟೊ ತೆಗೆದು ಬದುಕಿದವರು. ಸ್ವಂತ ಫೋಟೊಗಳಿಗೆ ಅವರು ದೂರ ಹೋಗಲಿಲ್ಲ. ನ್ಯೂಯಾರ್ಕಿನ ತಮ್ಮದೇ ಬಡಾವಣೆಯ ಸುತ್ತಮುತ್ತ ನಡೆದರು, ಮಂಜು ಹಿಡಿದ ಕಿಟಕಿ ಗಾಜು, ಅಡ್ಡ ಬಂದ ಕೊಡೆ, ಹಿಮದಲ್ಲಿ ಕೆಂಪು ಬಣ್ಣದ ಒಂದು ಚುಕ್ಕೆ, ಇಂಥವನ್ನು ಬಣ್ಣದ ಫಿಲ್ಮಿನಲ್ಲಿ ತೆಗೆದರು, ಅದೂ 1940ರ ದಶಕದ ಕೊನೆ ಮತ್ತು 50ರ ದಶಕದಲ್ಲಿ, ಕಲೆ ಅಂದರೆ ಕಪ್ಪುಬಿಳುಪು ಅಂತ ಎಲ್ಲರೂ ನಂಬಿದ್ದ ಕಾಲದಲ್ಲಿ. ಅದರಲ್ಲಿ ಬಹುಪಾಲು 2006ರಲ್ಲಿ ಪುಸ್ತಕವಾಗಿ ಬರುವವರೆಗೆ ಹೊರಗಿನವರಿಗೆ ಗೊತ್ತೇ ಇರಲಿಲ್ಲ. ಅಷ್ಟು ಕಾಯಿರಿ ಅಂತ ನಾನು ಹೇಳುತ್ತಿಲ್ಲ. ಹತ್ತಿರದಲ್ಲಿ, ಮತ್ತೆ ಮತ್ತೆ, ಯಾರ ಅನುಮತಿಯೂ ಬೇಡದ ಜಾಗದಲ್ಲಿ ಮಾಡುವ ಕೆಲಸ ದುಡಿಮೆಯ ಪಕ್ಕದಲ್ಲೇ ಬದುಕಬಲ್ಲದು ಅನ್ನುವುದಷ್ಟೇ ಮಾತು.

ಎರಡನೆಯದಕ್ಕೆ ಇರ್ವಿಂಗ್ ಪೆನ್. ಅವರು 1943ರಿಂದ ವೋಗ್ ಅನ್ನುವ ಫ್ಯಾಷನ್ ಪತ್ರಿಕೆಗೆ ಫೋಟೊಗ್ರಾಫರ್ ಆಗಿ ಕೆಲಸ ಮಾಡಿದವರು. 1948ರಲ್ಲಿ ಪತ್ರಿಕೆ ಅವರನ್ನು ಫ್ಯಾಷನ್ ಶೂಟ್‌ಗೆ ಪೆರುವಿನ ಲಿಮಾಕ್ಕೆ ಕಳಿಸಿತು. ಶೂಟ್ ಮುಗಿದ ಮೇಲೆ ಪೆನ್ ಸೀದಾ ಊರಿಗೆ ಹೊರಡಲಿಲ್ಲ. ಬೆಟ್ಟದ ಮೇಲಿನ ಕುಸ್ಕೊಗೆ ಹೋದರು, ಕ್ರಿಸ್‌ಮಸ್ ಸಮಯದಲ್ಲಿ ಅಲ್ಲಿನ ಫೋಟೊಗ್ರಾಫರ್ ಒಬ್ಬರ ಸ್ಟುಡಿಯೋ ಬಾಡಿಗೆಗೆ ಹಿಡಿದು ಊರಿನವರ, ಸುತ್ತಲಿನ ಹಳ್ಳಿಯವರ ಪೋರ್ಟ್ರೇಟ್ ತೆಗೆದರು. ಇವತ್ತು ಪೆನ್ ಅಂದರೆ ಜನ ನೆನೆಯುವ ಫೋಟೊಗಳಲ್ಲಿ ಅವೂ ಸೇರಿವೆ. ಇದರಲ್ಲಿ ನಿಮಗೆ ಉಪಯೋಗಕ್ಕೆ ಬರುವ ಅಂಶ ಏನಪ್ಪಾ ಅಂದರೆ, ಪ್ರಯಾಣದ ಖರ್ಚು ಆಗಲೇ ಆಗಿತ್ತು, ಉಪಕರಣ ಜೊತೆಗಿತ್ತು. ಬೇಕಾಗಿದ್ದು ಮೇಲೆ ಕೆಲವು ದಿನ ಮಾತ್ರ. ನಿಮಗೂ ಹೊರ ಊರಿನ ಶೂಟ್ ಬಂದೇ ಬರುತ್ತದೆ. ಹೊರಡುವ ಮೊದಲೇ ಎರಡು ದಿನ ಸೇರಿಸಿ ಟಿಕೆಟ್ ಮಾಡಿಸಿ, ಹೆಚ್ಚಿನ ದಿನಗಳ ಖರ್ಚು ನನ್ನದು ಅಂತ ಕ್ಲೈಂಟ್‌ಗೆ ತಿಳಿಸಿಬಿಡಿ. ಯಾರೂ ಬೇಡ ಅನ್ನುವುದಿಲ್ಲ. ಒಂದು ಮಾತು ಮಾತ್ರ ನೆನಪಿರಲಿ: ಆ ಎರಡು ದಿನ ಶೂಟ್ ಆದ ಮೇಲೆ ಇರಲಿ. ಮೊದಲೇ ಇಟ್ಟುಕೊಂಡರೆ ನಾಳಿನ ಚಿಂತೆ ತಲೆಯಲ್ಲೇ ಕೂತಿರುತ್ತದೆ.

ಈ ವೃತ್ತಿಯಲ್ಲಿ ವರ್ಷದ ಕೆಲವು ತಿಂಗಳು ಕೆಲಸ ಇರುವುದಿಲ್ಲ, ನಿಮಗೂ ಗೊತ್ತು. ಆಗ ನಾವೆಲ್ಲ ಮಾಡುವುದು ಒಂದೇ: ಹಳೇ ಕ್ಲೈಂಟ್‌ಗಳಿಗೆ ಮೆಸೇಜ್ ಹಾಕುತ್ತಾ, ಹೊಸ ಲೆನ್ಸ್‌ಗಳ ವಿಡಿಯೊ ನೋಡುತ್ತಾ, ಕೆಲಸ ಯಾವಾಗ ಬರುತ್ತೋ ಅಂತ ಕೂರುವುದು. ಸತತವಾಗಿ ಸಿಗುವ ದಿನಗಳೆಂದರೆ ಅವೇ. ಆದರೆ ವಿಷಯ ಮೊದಲೇ ಗೊತ್ತಿದ್ದರೆ ಮಾತ್ರ ಅವು ಪ್ರಯೋಜನಕ್ಕೆ ಬರುತ್ತವೆ. ಬಿಡುವು ಸಿಕ್ಕ ಮೇಲೆ ವಿಷಯ ಹುಡುಕಲು ಕೂತರೆ ಬಿಡುವು ಹುಡುಕಾಟದಲ್ಲೇ ಮುಗಿಯುತ್ತದೆ.

ಈಗ ವಿಷಯದ ಮಾತಿಗೆ ಬರೋಣ, ಯಾಕೆಂದರೆ ಅಸಲಿ ತೊಡಕು ಇಲ್ಲೇ. ಸಮಯ ಇಲ್ಲ ಅನ್ನುವ ಫೋಟೊಗ್ರಾಫರ್‌ಗಳನ್ನು ಸ್ವಲ್ಪ ಕೆದಕಿ ಕೇಳಿ ನೋಡಿ, ಏನು ತೆಗೀಬೇಕು ಅಂತಿದ್ದೀರಿ ಅಂತ. 'ಏನಾದರೂ ಕ್ರಿಯೇಟಿವ್ ಆಗಿ' ಅನ್ನುತ್ತಾರೆ. ಅದು ವಿಷಯ ಅಲ್ಲ. 'ಸ್ಟ್ರೀಟ್' ಅನ್ನುವುದೂ ವಿಷಯ ಅಲ್ಲ, 'ಬೆಳಕು ನೆರಳು' ಅನ್ನುವುದಂತೂ ಖಂಡಿತ ಅಲ್ಲ. ಫೋಟೊ ಬಿಟ್ಟು ಬೇರೆ ಯಾವುದರ ಬಗ್ಗೆ ನಿಮಗೆ ಕುತೂಹಲ ಇದೆ ಅಂತ ಕೇಳಿಕೊಳ್ಳಿ. ಯಾವ ಜಾಗದಲ್ಲಿ ಸುಮ್ನೆ ಒಂದು ಗಂಟೆ ಕೂತರೂ ನಿಮಗೆ ಬೇಸರ ಆಗುವುದಿಲ್ಲ? ಅಲ್ಲಿಂದ ಶುರು ಮಾಡಿ.

ನಿಮ್ಮ ಕೆಲಸವನ್ನೇ ಇಟ್ಟುಕೊಂಡು ಒಂದು ದಾರಿ ಹೇಳುತ್ತೇನೆ, ಬೇಕಾದರೆ ಎತ್ತಿಕೊಳ್ಳಿ. ಪ್ರಾಡಕ್ಟ್ ಫೋಟೊಗ್ರಾಫರ್ ಆಗಿ ನೀವು ವಸ್ತುಗಳನ್ನು ನೋಡುವುದು ಯಾರೂ ಬಳಸುವ ಮೊದಲು. ಡಬ್ಬಿಯಿಂದ ತೆಗೆದ ಕೂಡಲೇ, ಗೀರು ಇಲ್ಲದೆ, ಧೂಳಿಲ್ಲದೆ. ಅದೇ ವಸ್ತು ಹತ್ತು ವರ್ಷ ಕೈಯಲ್ಲಿ ಸವೆದ ಮೇಲೆ ಹೇಗಿರುತ್ತದೆ? ಬಣ್ಣ ಹೋದ ಹಿಡಿ, ಅಕ್ಷರ ಅಳಿಸಿದ ಕೀಬೋರ್ಡ್, ಒಂದೇ ಕಡೆ ಕುಸಿದ ಕುರ್ಚಿಯ ಸೀಟು, ಟೇಪ್ ಸುತ್ತಿದ ಕನ್ನಡಕ. ಅವನ್ನು ನಿಮ್ಮ ಸ್ಟುಡಿಯೋಗೆ ತಂದು, ಹೊಸ ಬಾಟಲಿಗೆ ಕೊಡುವಷ್ಟೇ ಮರ್ಯಾದೆ ಕೊಟ್ಟು, ಅದೇ ಲೈಟಿನಲ್ಲಿ, ಅದೇ ಕೋನದಲ್ಲಿ ತೆಗೆದು ನೋಡಿ. ಇಲ್ಲಿ ಲೇಔಟ್ ಇಲ್ಲ. ಯಾವ ಗೀರು ಮುಖ್ಯ ಅಂತ ಹೇಳುವವರು ಯಾರೂ ಇಲ್ಲ. ಧೂಳು ಒರೆಸಬೇಕೋ ಬಿಡಬೇಕೋ ಅನ್ನುವುದೇ ನೀವು ತೀರ್ಮಾನಿಸಬೇಕಾದ ದೊಡ್ಡ ಪ್ರಶ್ನೆ ಆಗುತ್ತದೆ, ಅದಕ್ಕೆ ಒಂದು ವಸ್ತುವಿನಲ್ಲಿ ಒಂದು ಉತ್ತರ, ಇನ್ನೊಂದರಲ್ಲಿ ಇನ್ನೊಂದು.

ಇದು ಹೊಸ ಐಡಿಯಾ ಏನಲ್ಲ. ಪೆನ್ ಅವರೇ 1972ರಲ್ಲಿ ಬೀದಿಯಲ್ಲಿ ಬಿದ್ದ ಸಿಗರೇಟ್ ತುಂಡುಗಳನ್ನು ಸ್ಟುಡಿಯೋಗೆ ತರಿಸಿ ತೆಗೆದಿದ್ದರು, ದೊಡ್ಡದಾಗಿ, ಪ್ಲಾಟಿನಂ ಲೋಹ ಬಳಸಿ ಮಾಡುವ ಪ್ರಿಂಟಿನಲ್ಲಿ. 1975ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವನ್ನು ಗೋಡೆಗೆ ಹಾಕಿತು. ಅದೇ ಕಾಲದಲ್ಲಿ ಅವರು ಕ್ಲಿನಿಕ್ ಕಂಪನಿಯ ಸೌಂದರ್ಯವರ್ಧಕಗಳ ಜಾಹೀರಾತನ್ನೂ ತೆಗೆಯುತ್ತಿದ್ದರು. ಕೈಚಳಕ ಒಂದೇ, ವಿಷಯ ಮಾತ್ರ ಯಾರೂ ದುಡ್ಡು ಕೊಟ್ಟು ಕೇಳದ್ದು. ಕಮರ್ಷಿಯಲ್ ವಿದ್ಯೆಯನ್ನು ಮರೆತರೆ ಮಾತ್ರ ಕಲೆ ಹುಟ್ಟುತ್ತದೆ ಅಂತ ಹೇಳುವವರ ಮಾತು ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ. ಅಮೆರಿಕದ ಫೋಟೊಗ್ರಾಫರ್ ಎಡ್ವರ್ಡ್ ವೆಸ್ಟನ್ ಕೂಡ ಹೊಟ್ಟೆಪಾಡಿಗೆ ಪೋರ್ಟ್ರೇಟ್ ಸ್ಟುಡಿಯೋ ನಡೆಸುತ್ತಿದ್ದವರು. 1930ರಲ್ಲಿ ಅವರು ಒಂದು ದೊಣ್ಣೆಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗೆ ಇಟ್ಟು ತೆಗೆದ ಫೋಟೊ ಇವತ್ತಿಗೂ ಜನ ನೋಡುತ್ತಾರೆ. ಆಲಿಕೆ ಯಾಕೆ? ಒಳಗೆ ಬೆಳಕು ಸುತ್ತಲಿಂದಲೂ ಬಂದು ಬೀಳುತ್ತದಲ್ಲ, ಅದಕ್ಕೆ. ಅದು ಪಕ್ಕಾ ಸ್ಟುಡಿಯೋ ಬುದ್ಧಿ.

ಅಭ್ಯಾಸ ಬದಲಿಸಲು ಇನ್ನು ಕೆಲವು ಚಿಕ್ಕ ಉಪಾಯಗಳಿವೆ, ಬೇಗ ಹೇಳಿಬಿಡುತ್ತೇನೆ. ಸ್ವಂತ ಕೆಲಸಕ್ಕೆ ಬೇರೆ ಕ್ಯಾಮೆರಾ ಬಳಸಿ, ಹಳೆಯದಾದರೂ ಪರವಾಗಿಲ್ಲ. ಅದು ಇಲ್ಲದಿದ್ದರೆ ಒಂದೇ ಲೆನ್ಸ್, ಅದೂ ಅಸೈನ್‌ಮೆಂಟಿನಲ್ಲಿ ನೀವು ಮುಟ್ಟದ ಲೆನ್ಸ್. ಕೇಬಲ್ ಬೇಡ, ಲ್ಯಾಪ್‌ಟಾಪ್ ಬೇಡ. ಕ್ಯಾಮೆರಾ ಹಿಂದಿನ ಸ್ಕ್ರೀನ್ ಆಫ್ ಮಾಡಿ. ಮನೆಗೆ ಬಂದ ಮೇಲೆ ಮೆಮೊರಿ ಕಾರ್ಡ್ ಕಾಪಿ ಮಾಡಿ ಬ್ಯಾಕಪ್ ಇಟ್ಟು ಮುಚ್ಚಿಬಿಡಿ, ಕೆಲವು ವಾರ ತೆರೆಯಲೇಬೇಡಿ. ಈ ಕೊನೆಯದು ತುಂಬ ಕಷ್ಟ, ಆದರೆ ಉಪಯೋಗ ಜಾಸ್ತಿ. ತೆಗೆದ ದಿನವೇ ನೋಡಿದರೆ ನೀವು ಅಂದುಕೊಂಡದ್ದು ಬಂದಿದೆಯಾ ಅಂತ ಹುಡುಕುತ್ತೀರಿ, ಅದು ಕ್ಲೈಂಟ್ ನೋಡುವ ರೀತಿ. ವಾರಗಳಾದ ಮೇಲೆ ಅಂದುಕೊಂಡದ್ದು ಏನು ಅಂತ ಮರೆತಿರುತ್ತದೆ, ಫೋಟೊದಲ್ಲಿ ಇರುವುದಷ್ಟೇ ಕಾಣುತ್ತದೆ. ಆಗ ತಪ್ಪು ಅಂತ ಬಿಟ್ಟಿದ್ದ ಫ್ರೇಮ್ ಒಳ್ಳೆಯದಾಗಿರುವುದೂ ಉಂಟು.

ಆರಿಸುವಾಗ ಸ್ಕ್ರೀನಿನಲ್ಲಿ ಆರಿಸಬೇಡಿ. ಚಿಕ್ಕ ಪ್ರಿಂಟ್‌ಗಳನ್ನು ಅಗ್ಗದಲ್ಲಿ ಹಾಕಿಸಿ, ಮೇಜಿನ ಮೇಲೆ ಹರಡಿ, ಒಂದರ ಪಕ್ಕ ಇನ್ನೊಂದು ಇಟ್ಟು ನೋಡಿ. ಸ್ಕ್ರೀನಿನಲ್ಲಿ ನಮ್ಮ ಕೈ ತಾನಾಗಿ ಜೂಮ್ ಮಾಡಿ ಶಾರ್ಪ್ ಇದೆಯಾ ಅಂತ ನೋಡುತ್ತದೆ. ಮೇಜಿನ ಮೇಲೆ ಆ ಚಾಳಿ ನಡೆಯುವುದಿಲ್ಲ. ಯಾವ ಎರಡು ಫೋಟೊ ಪಕ್ಕಪಕ್ಕ ನಿಂತಾಗ ಮೂರನೆಯದು ಬೇಕು ಅನ್ನಿಸುತ್ತದೋ ಅಲ್ಲಿ ನಿಮ್ಮ ಮುಂದಿನ ಶೂಟ್ ಸಿಗುತ್ತದೆ.

ದುಡ್ಡಿನ ವಿಚಾರ. ಅಸೈನ್‌ಮೆಂಟ್ ಬಿಡಲೇಬೇಕು ಅಂತಾದರೆ ಯಾವುದನ್ನು ಬಿಡುವುದು? ನಮ್ಮ ಕೈ ಮೊದಲು ಹೋಗುವುದು ಬೋರ್ ಹೊಡೆಸುವ ಕೆಲಸದ ಕಡೆಗೆ. ಅದನ್ನು ಬಿಡಬೇಡಿ. ಬಿಳಿ ಹಿನ್ನೆಲೆಯಲ್ಲಿ ಸಾಲಾಗಿ ನೂರು ವಸ್ತು ತೆಗೆಯುವ ಕ್ಯಾಟಲಾಗ್ ಕೆಲಸ ನೋಡಿ. ಲೈಟ್ ಒಮ್ಮೆ ಹಾಕಿದರೆ ಆಯಿತು, ಮನಸ್ಸು ದಣಿಯುವುದಿಲ್ಲ, ಸಂಜೆ ಐದಕ್ಕೆ ಮುಗಿದರೆ ಮುಗಿಯಿತು. ಸ್ವಂತ ಕೆಲಸ ಮಾಡುವವರಿಗೆ ಅಂಥ ಕೆಲಸ ವರ. ಕಾಡುವುದು ಮತ್ತೊಂದು ಜಾತಿ: ಬ್ರೀಫ್, ಅಂದರೆ ಏನು ಬೇಕು ಅನ್ನುವ ವಿವರ, ಸರಿಯಾಗಿ ಇರುವುದಿಲ್ಲ, 'ನಿಮ್ಮ ಕ್ರಿಯೇಟಿವಿಟಿ ತೋರಿಸಿ' ಅನ್ನುತ್ತಾರೆ, ತೋರಿಸಿದ ಮೇಲೆ ಐದು ಜನ ಐದು ದಿಕ್ಕಿಗೆ ಎಳೆಯುತ್ತಾರೆ, ಶೂಟ್ ಆಗಿ ತಿಂಗಳಾದರೂ ಫೈಲ್ ಓಡಾಡುತ್ತಲೇ ಇರುತ್ತದೆ. ಇದು ನಿಮ್ಮ ದಿನವನ್ನಷ್ಟೇ ತಿನ್ನುವುದಿಲ್ಲ. ಸ್ವಂತ ಕೆಲಸಕ್ಕೆ ಬೇಕಾದ ಉತ್ಸಾಹವನ್ನೇ ಬಾಡಿಗೆಗೆ ತೆಗೆದುಕೊಂಡು ಹಾಳು ಮಾಡಿ ವಾಪಸ್ ಕೊಡುತ್ತದೆ. ಪೇಮೆಂಟ್ ಚೆನ್ನಾಗಿದ್ದರೂ ಇಂಥದ್ದನ್ನು ವರ್ಷಕ್ಕೆ ಇಷ್ಟೇ ಅಂತ ಮಿತಿ ಇಟ್ಟುಕೊಳ್ಳಿ.

ಕೊಟೇಷನ್‌ನಲ್ಲೇ ಬರೆಯಿರಿ: ಎರಡು ಸುತ್ತು ತಿದ್ದುಪಡಿ ಇದರಲ್ಲೇ ಸೇರಿದೆ, ಮೂರನೆಯದಕ್ಕೆ ಬೇರೆ ದರ. ಈ ಒಂದು ಸಾಲು ತಿಂಗಳಲ್ಲಿ ಎಷ್ಟು ಸಂಜೆ ಉಳಿಸುತ್ತದೆ ಅಂತ ನೀವೇ ನೋಡುತ್ತೀರಿ. ರೀಟಚ್ ಕೆಲಸವನ್ನು ಬೇರೆಯವರಿಗೆ ಕೊಡಿ. ಒಂದು ಬಾಟಲಿಯ ಧೂಳು ತೆಗೆಯಲು ನಿಮ್ಮ ಕಣ್ಣೇ ಬೇಕಾಗಿಲ್ಲ, ಕೊನೆಗೆ ಒಮ್ಮೆ ನೋಡಿದರೆ ಸಾಕು. ಮತ್ತೆ, ದಿನದ ದರ ಲೆಕ್ಕ ಹಾಕುವಾಗ ಶೂಟ್ ಮಾಡಿದ ದಿನಗಳನ್ನಷ್ಟೇ ಎಣಿಸುವವರು ಜಾಸ್ತಿ. ಮೀಟಿಂಗ್, ಪ್ರಾಪ್ಸ್ ಹುಡುಕಾಟ, ಎಡಿಟ್, ಬಾಕಿ ವಸೂಲಿ, ಇವಕ್ಕೆಲ್ಲ ಹೋಗುವ ದಿನಗಳೂ ಆ ದರದಲ್ಲಿ ಸೇರಿರಬೇಕು. ಸೇರಿಸದಿದ್ದರೆ ನೀವು ಗೊತ್ತಿಲ್ಲದೇ ಕ್ಲೈಂಟ್‌ಗೆ ದಾನ ಮಾಡುತ್ತಿರುವುದು ನಿಮ್ಮ ಸ್ವಂತ ಕೆಲಸದ ದಿನಗಳನ್ನೇ.

ಹಕ್ಕಿನ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಎರಡೂ ಕೆಲಸ ಒಟ್ಟೊಟ್ಟಿಗೆ ನಡೆಯುವಾಗ ಯಾವ ಫೋಟೊ ಯಾರದ್ದು ಅನ್ನುವುದು ಮಸುಕಾಗುತ್ತದೆ. ಅಮೆರಿಕದ ನಿಸರ್ಗ ಫೋಟೊಗ್ರಾಫರ್ ಆನ್ಸೆಲ್ ಆಡಮ್ಸ್ ಅವರ ಕಥೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. 1941ರಲ್ಲಿ ಅಮೆರಿಕ ಸರ್ಕಾರದ ಇಂಟೀರಿಯರ್ ಇಲಾಖೆ, ಅಂದರೆ ಅಲ್ಲಿನ ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಇಲಾಖೆ, ತನ್ನ ಕಟ್ಟಡದ ಗೋಡೆಗಳಿಗೆ ದೊಡ್ಡ ಫೋಟೊಗಳು ಬೇಕು ಅಂತ ಅವರಿಗೆ ಕೆಲಸ ಕೊಟ್ಟಿತ್ತು, ದಿನದ ಲೆಕ್ಕದಲ್ಲಿ ಸಂಬಳ. ಆ ಪ್ರವಾಸದಲ್ಲೇ ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಅನ್ನುವ ಹಳ್ಳಿಯ ಪಕ್ಕ ಸಂಜೆ ಕಾರು ನಿಲ್ಲಿಸಿದರು. ಹಳ್ಳಿಯ ಸ್ಮಶಾನದ ಬಿಳಿ ಶಿಲುಬೆಗಳ ಮೇಲೆ ಕೊನೆ ಬಿಸಿಲು, ಆಕಾಶದಲ್ಲಿ ಚಂದ್ರ. ಬೆಳಕು ಅಳೆಯುವ ಲೈಟ್ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಬೆಳಕು ಎಷ್ಟಿರುತ್ತದೆ ಅನ್ನುವ ಲೆಕ್ಕ ಅವರಿಗೆ ಬಾಯಿಪಾಠ ಇತ್ತು, ಅದರ ಮೇಲೆ ಎಕ್ಸ್‌ಪೋಷರ್ ಇಟ್ಟು ಒಂದು ನೆಗೆಟಿವ್ ತೆಗೆದರು. ಎರಡನೆಯದಕ್ಕೆ ತಯಾರಾಗುವಷ್ಟರಲ್ಲಿ ಬಿಸಿಲು ಹೋಗಿತ್ತು. ಅದೇ ಅವರ ಬಹುಶಃ ಅತಿ ಪ್ರಸಿದ್ಧ ಫೋಟೊ.

ಆದರೆ ಅದು ಸರ್ಕಾರದ್ದೋ ಅವರದ್ದೋ? ಖರ್ಚುವೆಚ್ಚ ಶಿಸ್ತಾಗಿ ಬರೆದಿಟ್ಟಿದ್ದ ಆಡಮ್ಸ್ ಫೋಟೊ ತೆಗೆದ ದಿನಾಂಕವನ್ನೇ ಬರೆದಿಟ್ಟಿರಲಿಲ್ಲ. ಬೇರೆ ಬೇರೆ ಕಡೆ ಬೇರೆ ಬೇರೆ ವರ್ಷ ಹೇಳಿದ್ದರು. ಕೊನೆಗೆ ಚಂದ್ರ ಎಲ್ಲಿದ್ದಾನೆ ಅನ್ನುವುದನ್ನು ಇಟ್ಟುಕೊಂಡು ಖಗೋಳ ತಿಳಿದವರು ಲೆಕ್ಕ ಹಾಕಿದರು, 1991ರಲ್ಲಿ ದಿನ ಖಚಿತವಾಯಿತು: 1941ರ ನವೆಂಬರ್ 1. ಆ ದಿನಕ್ಕೆ ಅವರು ಇಲಾಖೆಯಿಂದ ದುಡ್ಡು ಕೇಳಿರಲಿಲ್ಲ. ಹಾಗಾಗಿ ಫೋಟೊ ಅವರದ್ದು. ಆ ಉತ್ತರ ಸಿಗುವ ಹೊತ್ತಿಗೆ ಆಡಮ್ಸ್ ತೀರಿಕೊಂಡು ಏಳು ವರ್ಷವಾಗಿತ್ತು.

ನಿಮ್ಮ ಪರವಾಗಿ ಚಂದ್ರ ಸಾಕ್ಷಿ ಹೇಳಲು ಬರುವುದಿಲ್ಲ, ಹಾಗಾಗಿ ಬರೆದಿಟ್ಟುಕೊಳ್ಳಿ. ಸ್ವಂತ ಕೆಲಸದ ದಿನ ಇನ್ವಾಯ್ಸ್‌ನಲ್ಲಿ ಬರಬಾರದು. ಕಾರ್ಡ್ ಬೇರೆ, ಫೋಲ್ಡರ್ ಬೇರೆ, ಕ್ಯಾಮೆರಾದ ಗಡಿಯಾರ ಸರಿಯಾಗಿರಲಿ. ಕಾಪಿರೈಟ್ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ದುಡ್ಡು ಕೊಟ್ಟು ತೆಗೆಸಿದವರೇ ಮೊದಲ ಹಕ್ಕುದಾರರು ಅನ್ನುವ ಕಡೆಯೂ ಇದೆ, ತೆಗೆದವರದ್ದೇ ಹಕ್ಕು ಅನ್ನುವ ಕಡೆಯೂ ಇದೆ. ಅದಕ್ಕೇ ಒಪ್ಪಂದದಲ್ಲಿ ಒಂದು ಸಾಲು ಇರಲಿ, ಬಿಲ್ ಮಾಡಿದ ಸಮಯದ ಹೊರಗೆ ತೆಗೆದದ್ದು ಫೋಟೊಗ್ರಾಫರ್‌ದು ಅಂತ. ಶೂಟ್ ಮುಗಿದ ಮೇಲೆ ಅದೇ ಮಾಡೆಲ್‌ನ, ಅದೇ ಸೆಟ್‌ನಲ್ಲಿ ನಿಮಗೋಸ್ಕರ ಎರಡು ಫ್ರೇಮ್ ತೆಗೆಯಬೇಕು ಅನ್ನಿಸಿದರೆ ಕೇಳಿ ತೆಗೆಯಿರಿ, ಅವರಿಂದ ಬೇರೆ ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ಇನ್ನೂ ಮಾರುಕಟ್ಟೆಗೆ ಬರದ ಪ್ರಾಡಕ್ಟ್ ಹಿನ್ನೆಲೆಯ ಮೂಲೆಯಲ್ಲಿ ಮಸುಕಾಗಿ ಕಂಡರೂ ಕ್ಲೈಂಟ್ ಜೊತೆಗಿನ ಸಂಬಂಧ ಅಲ್ಲಿಗೆ ಮುಗಿಯಿತು.

ಇನ್ನು ತೋರಿಸುವ ವಿಚಾರ. ಸೋಷಿಯಲ್ ಮೀಡಿಯಾಗೆ ಈಗಲೇ ಹಾಕಬೇಡಿ. ಕೆಟ್ಟದ್ದು ಅಂತಲ್ಲ. ಅಲ್ಲಿ ಲೈಕ್ ಬರುತ್ತದೆ, ಯಾವುದಕ್ಕೆ ಜಾಸ್ತಿ ಬಂತು ಅಂತ ನೋಡುತ್ತೀರಿ, ಮುಂದಿನ ಸಲ ಕೈ ತಾನಾಗಿ ಅಂಥದ್ದೇ ತೆಗೆಯುತ್ತದೆ. ದುಡ್ಡೂ ಕೊಡದ ಕ್ಲೈಂಟ್ ಒಬ್ಬರನ್ನು ನೀವೇ ಹುಡುಕಿಕೊಂಡ ಹಾಗಾಯಿತು. ಬದಲಿಗೆ ಒಬ್ಬರಿಗೆ ತೋರಿಸಿ. ಆ ಒಬ್ಬರು ಫೋಟೊಗ್ರಾಫರ್ ಆಗಿರಲೇಬೇಕು ಅಂತಿಲ್ಲ, ಆದರೆ 'ಸೂಪರ್' ಅಂದು ಸುಮ್ಮನಾಗುವವರು ಆಗಬಾರದು. ಪೆನ್ 1949-50ರಲ್ಲಿ ಫ್ಯಾಷನ್ ಕೆಲಸದ ಬಿಡುವಿನಲ್ಲಿ ತೆಗೆದ ನಗ್ನಚಿತ್ರಗಳ ಸರಣಿ ದೊಡ್ಡದಾಗಿ ಪ್ರದರ್ಶನ ಕಂಡಿದ್ದು 1980ರಲ್ಲಿ. ಮೂವತ್ತು ವರ್ಷ ಅತಿಯಾಯಿತು ಅನ್ನಿ. ಮೂರು ತಿಂಗಳಂತೂ ಕಾಯಬಹುದು.

ವೆಬ್‌ಸೈಟಿಗೆ ಹಾಕಿದರೆ ಕ್ಲೈಂಟ್‌ಗೆ ಗೊಂದಲ ಆಗುತ್ತದಾ ಅಂತ ಕೇಳಿದ್ದೀರಿ. ಪ್ರಾಡಕ್ಟ್ ಫೋಟೊಗಳ ಮಧ್ಯೆ ಕಲಸಿ ಹಾಕಿದರೆ ಖಂಡಿತ ಆಗುತ್ತದೆ. ಬೇರೆ ವಿಭಾಗ ಮಾಡಿ, ಸರಣಿಗೆ ಒಂದು ಹೆಸರು ಕೊಟ್ಟು, ಒಂದು ಸಾಲಿನ ವಿವರ ಬರೆದು ಹಾಕಿದರೆ ಆಗುವುದಿಲ್ಲ. ಬಿಡಿಬಿಡಿ ಚಂದದ ಫೋಟೊ ಹಾಕಬೇಡಿ. ಒಂದೇ ವಿಷಯದ ಹನ್ನೆರಡೋ ಹದಿನೈದೋ ಫೋಟೊ ಒಟ್ಟಿಗೆ ನಿಲ್ಲುವಂತಿದ್ದಾಗ ಹಾಕಿ. ಏಜೆನ್ಸಿಗಳಲ್ಲಿ ಫೋಟೊಗ್ರಾಫರ್ ಆರಿಸುವವರು ಈ ವಿಭಾಗವನ್ನು ನೋಡುತ್ತಾರೆ. ಬಾಟಲಿಗೆ ಲೈಟ್ ಮಾಡುವವರು ಅವರಿಗೆ ಬೇಕಾದಷ್ಟು ಜನ ಗೊತ್ತು. ಯಾರೂ ಹೇಳದಿದ್ದಾಗ ಈ ಮನುಷ್ಯ ಏನು ಮಾಡುತ್ತಾನೆ ಅನ್ನುವುದು ಅಲ್ಲಿ ಮಾತ್ರ ಕಾಣುತ್ತದೆ. ಹಾಗಂತ ಕೆಲಸ ಬರಲಿ ಅಂತಲೇ ಸರಣಿ ಮಾಡಲು ಹೋಗಬೇಡಿ. ಅದು ಎಡಗಡೆ ಅಕ್ಷರಕ್ಕೆ ಜಾಗ ಬಿಟ್ಟ ಫೋಟೊ ಆಗುತ್ತದೆ, ನೋಡುವವರಿಗೆ ಗೊತ್ತಾಗಿಬಿಡುತ್ತದೆ.

ಸರಣಿ ಚೆನ್ನಾಗಿದ್ದರೆ ಒಂದು ಫೋನ್ ಬರಬಹುದು, ಅದಕ್ಕೆ ಮೊದಲೇ ತಯಾರಿರಿ. 'ಆ ಹಳೇ ವಸ್ತುಗಳ ಫೋಟೊ ನೋಡಿದ್ವಿ, ನಮ್ಮ ಬ್ರ್ಯಾಂಡ್‌ಗೂ ಅದೇ ಥರ ಮಾಡಿಕೊಡಿ' ಅಂತ. ಲೈಟಿಂಗ್, ಕೋನ, ಬಣ್ಣದ ರೀತಿ, ಇದನ್ನೆಲ್ಲ ಧಾರಾಳವಾಗಿ ಕೊಡಿ, ಪೂರ್ತಿ ದರ ತೆಗೆದುಕೊಂಡು, ಸ್ವಂತ ಕೆಲಸದ ಥರ ಇದೆ ಅಂತ ರಿಯಾಯಿತಿ ಕೊಡದೆ. ಸರಣಿಯ ಫೋಟೊಗಳನ್ನೇ ಬಳಸುತ್ತೇವೆ ಅಂದರೆ ಅದಕ್ಕೆ ಬೇರೆ ಲೈಸೆನ್ಸ್, ಎಷ್ಟು ಕಾಲ, ಎಲ್ಲೆಲ್ಲಿ ಅಂತ ಬರೆದು. ಆ ವಸ್ತುಗಳನ್ನು ಕೊಟ್ಟವರನ್ನೂ ಮೊದಲು ಕೇಳಿ, ಯಾಕೆಂದರೆ ತಮ್ಮ ಟೇಪ್ ಸುತ್ತಿದ ಕನ್ನಡಕವನ್ನು ಅವರು ಕೊಟ್ಟಿದ್ದು ನಿಮಗೆ, ಯಾವುದೋ ಕಂಪನಿಯ ಹೋರ್ಡಿಂಗ್‌ಗೆ ಅಲ್ಲ.